ದೂರ ಹೊಂಟೀರೇನು?

ಲಕ್ಷ್ಮೇಶ್ವರದ ಕಡೆ, ಚೀಲ ಹಿಡಿದು ಹೊಸ್ತಿಲು ದಾಟಿದವರನ್ನು ‘ಎಲ್ಲಿಗೆ’ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಹೊರಟ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಕೇಳಿಸಿಕೊಂಡವರು ವಾಪಸು ಒಳಗೆ ಬಂದು, ಚೀಲ ಕೆಳಗಿಟ್ಟು, ಕುಂತು, ನೀರು ಕುಡಿದು, ಆಮೇಲೆ ಹೊಸದಾಗಿ ಹೊರಡಬೇಕು. ಹಾಗಂತ ನಮ್ಮ ಮಂದಿಗೆ ಇನ್ನೊಬ್ಬರ ಸುದ್ದಿ ಬೇಡವೇ? ಬೇಕು, ಊಟಕ್ಕಿಂತ ಮೊದಲು ಬೇಕು. ಅದಕ್ಕೇ ಸುತ್ತುಬಳಸಿ ‘ದೂರ ಹೊಂಟೀರೇನು?’ ಎಂದು ಕೇಳುತ್ತಾರೆ. ಮರ್ಯಾದಸ್ಥರು ‘ಹೂಂರಿ, ಹುಬ್ಬಳ್ಳಿ ತನಕ’ ಎಂದು ತಾವಾಗಿಯೇ ಊರ ಹೆಸರು ಹೇಳುತ್ತಾರೆ. ಹೇಳದೆ ‘ಹೂಂ, ದೂರ’ ಎಂದು ಸುಮ್ಮನಾಗಿಬಿಟ್ಟರೆ ಮುಗಿಯಿತು, ಕೇಳಿದವರು ದಿನವಿಡೀ ತಲೆ ಕೆರೆದುಕೊಳ್ಳಬೇಕು.

ಅನ್ನಪೂರ್ಣವ್ವ ಅವತ್ತು ಮಾಡಿದ್ದು ಅದನ್ನೇ. ಮೇ ತಿಂಗಳು. ಚಹಾದ ಹೊತ್ತಿಗೇ ಬಿಸಿಲು ಅಂಗಳಕ್ಕೆ ಇಳಿದಿತ್ತು. ಒಂದು ಕೈಯಲ್ಲಿ ಅರಿವೆಯ ಚೀಲ, ಇನ್ನೊಂದರಲ್ಲಿ ಬುತ್ತಿಯ ಗಂಟು, ಬಗಲಲ್ಲಿ ಸ್ಟೀಲಿನ ಒಂದು ಡಬ್ಬಿ. ಎರಡೂ ಕಾಲು ಹೊಸ್ತಿಲ ಆಚೆ ಇಟ್ಟು ಗಟ್ಟಿಯಾಗಿ ನಿಂತ ಮೇಲೆಯೇ ಹಿಂತಿರುಗಿ, “ನಂದೀಶಾ, ನಾ ಹೋಗಿ ಬರ್ತೀನಪಾ” ಎಂದಳು.

ಮಗ ನಂದೀಶ ಹಲ್ಲುಜ್ಜುತ್ತಿದ್ದ. ಬುರುಗು ತುಂಬಿದ ಬಾಯಿ ತೆರೆದ. ಕೇಳಬಾರದ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಅವನ ಹೆಂಡತಿ ಶೀತಲ್ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಓಡಿ ಬಂದಳು.

“ಅತ್ತಿ, ದೂರ ಹೊಂಟೀರೇನ್ರಿ?”

“ಹೂಂ, ದೂರ.”

“ಒಬ್ಬರನ?”

“ಒಬ್ಬಾಕಿನ.”

“ಸ್ವೆಟರ್ ಇಟಗೊಂಡೀರೇನ್ರಿ ಮತ್ತ?”

“ಈ ಧಗಿಯೊಳಗ ಸ್ವೆಟರ್ ತಗೊಂಡ ಏನ್ ಮಾಡ್ಲಿ? ಚಾದರ ಐತಿ, ಸಾಕು.”

ನಂದೀಶ ಬುರುಗು ಉಗುಳಿ ಬಂದ. “ಯವ್ವಾ, ಬಸ್ಸಿಗೋ ರೈಲಿಗೋ?”

“ಎಲ್ಡಕ್ಕೂ. ಸಾಲಿ ಸುರು ಆಗೂದ್ರಾಗ ಬರ್ತೀನಿ. ಹಾಲಿನಾಂವಗ ಅರ್ಧಾ ಲೀಟರ್ ಕಮ್ಮಿ ಹಾಕಂತ ಹೇಳ್ರಿ.” ಇಷ್ಟು ಹೇಳಿ ಅನ್ನಪೂರ್ಣವ್ವ ಓಣಿ ದಾಟಿ ಹೋಗಿಯೇ ಬಿಟ್ಟಳು. ಗಂಡ ಹೆಂಡತಿ ಚಹಾ ಕುಡಿಯುತ್ತ ಲೆಕ್ಕ ಹಾಕಿದರು. ಸ್ವೆಟರ್ ಬೇಡ, ಬುತ್ತಿ ಬೇಕು, ಡಬ್ಬಿಯಲ್ಲಿ ಸಿಹಿ ಬೇರೆ. ಮುಂಡರಗಿ ಕಡೆಯ ಕೊರ್ಲಹಳ್ಳಿಯಲ್ಲಿ ಅವ್ವನ ತಂಗಿ ಇದ್ದಾಳಲ್ಲ, ಅಲ್ಲಿಗೇ ಎಂದು ನಂದೀಶ ತೀರ್ಮಾನ ಕೊಟ್ಟ. ರೈಲಿನ ಮಾತನ್ನು ಅವ್ವ ಚೇಷ್ಟೆಗೆ ಆಡಿರಬೇಕು.

ಅನ್ನಪೂರ್ಣವ್ವ ಹೊರಟದ್ದು ರಾಜಸ್ಥಾನಕ್ಕೆ. ಜಾಲೋರದ ಹತ್ತಿರದ ಒಂದು ಹಳ್ಳಿಗೆ. ಸೋಹನಬಾಯಿಯನ್ನು ನೋಡಲಿಕ್ಕೆ.

ಮೊದಲೇ ಹೇಳಿದ್ದರೆ ಬಿಡುತ್ತಿರಲಿಲ್ಲ. ನಮ್ಮಲ್ಲಿ ಮದುವೆಗೆ ಹೋಗುತ್ತಾರೆ, ಮಣ್ಣಿಗೆ ಹೋಗುತ್ತಾರೆ, ದೇವರಿಗೆ ಹೋಗುತ್ತಾರೆ, ದವಾಖಾನೆಗೆ ಹೋಗುತ್ತಾರೆ. ಅರವತ್ತರ ಹತ್ತಿರ ಬಂದ ಹೆಂಗಸು, ಬಂಧು ಅಲ್ಲ ಬಳಗ ಅಲ್ಲ, ಬರೀ ಒಬ್ಬ ಗೆಳತಿಯನ್ನು ನೋಡಲು ಅಷ್ಟು ದೂರ ಹೋಗುವುದೆಂದರೆ ಅದಕ್ಕೆ ಹೆಸರೇ ಇಲ್ಲ. ‘ಯಾಕ?’ ಎಂದು ಹತ್ತು ಜನ ಕೇಳುತ್ತಾರೆ. ಅನ್ನಪೂರ್ಣವ್ವನಿಗೆ ಉತ್ತರ ಗೊತ್ತಿತ್ತು, ಹೇಳಲು ಮನಸ್ಸಿರಲಿಲ್ಲ.

ಆಕೆ ಅಡರಕಟ್ಟಿಯ ಒಕ್ಕಲುತನದ ಮನೆಯ ಮಗಳು. ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬಂದಳು. ಗಂಡ ವಿರೂಪಾಕ್ಷಪ್ಪ ಹತ್ತಿ ಜಿನ್ನಿನಲ್ಲಿ ಗುಮಾಸ್ತನಾಗಿದ್ದ. ಅವನು ತೀರಿಕೊಂಡ ಮೇಲೆ ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿಕೊಂಡಳು. ಒಲೆಯ ಮುಂದೆ ನಿಂತು ನಿಂತು ಸಿಟ್ಟು ಬೇಗ, ಮಕ್ಕಳನ್ನು ಸಾಲು ಕೂಡಿಸಿ ಕೂಡಿಸಿ ದನಿ ಗಟ್ಟಿ. ‘ಅನ್ನಪೂರ್ಣಕ್ಕ ಶಾಲೆಯಲ್ಲಿ ಸೀನಿದರೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿಸುತ್ತದೆ’ ಎಂದು ಮಾಸ್ತರರು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು, ಆದರೆ ಆ ಮಾಸ್ತರರಿಗೆ ಅವತ್ತು ಸಾರಿನಲ್ಲಿ ಬೇಳೆ ಕಡಿಮೆ ಬೀಳುತ್ತಿತ್ತು.

ಸೋಹನಬಾಯಿ ಎದುರು ಮನೆಯಾಕೆ. ಮಾರವಾಡದವಳು. ಬಜಾರದಲ್ಲಿ ಅವರದು ಪಾತ್ರೆಯ ಅಂಗಡಿ. ಹೊಸದಾಗಿ ಗಂಡನ ಜೊತೆ ಬಂದಿಳಿದಾಗ ಆಕೆಗೆ ಬರುತ್ತಿದ್ದದ್ದು ಒಂದೇ ಒಂದು ಕನ್ನಡದ ಮಾತು. ಗಂಡ ರೈಲಿನಲ್ಲಿ ಕಲಿಸಿಕೊಟ್ಟದ್ದು. ಮರುದಿನ ಬೆಳಿಗ್ಗೆ ಅನ್ನಪೂರ್ಣವ್ವನ ಅತ್ತೆ ಕಾಯಿ ಕರ್ಪೂರ ಹಿಡಿದು ಶಿರಹಟ್ಟಿಯ ಮಠಕ್ಕೆಂದು ಹೊರಬಿದ್ದರೆ, ಎದುರು ಬಾಗಿಲಿನಲ್ಲಿ ನಿಂತ ಸೋಹನಬಾಯಿ ಇದ್ದಬಿದ್ದ ಕನ್ನಡವನ್ನೆಲ್ಲ ಕೂಡಿಸಿ, ಬಾಯಿ ತುಂಬ ನಕ್ಕು ಕೇಳಿದಳು: “ಎಲ್ಲಿಗೆ ಹೊಂಟೀರಿ?”

ಅಯ್ಯೋ, ಆಮೇಲಿನದನ್ನು ಏನು ಕೇಳುತ್ತೀರಿ! ಅತ್ತೆ ಕೆಂಡವಾದಳು. ತಿರುಗಿ ಒಳಗೆ ಬಂದು ಕುಂತಳು, ನೀರು ಕುಡಿದಳು, ನೀರು ಗಂಟಲಿಗಿಳಿದ ಮೇಲೆ ಓಣಿ ಕೇಳುವಂತೆ ಬಯ್ದಳು. ಒಂದೇ ಮಾತಿಗೆ ಇಷ್ಟೆಲ್ಲ ಆದದ್ದು ಕಂಡು ಸೋಹನಬಾಯಿ ಅಳುತ್ತ ಒಳಗೆ ಓಡಿದಳು. ಆಗ ಅನ್ನಪೂರ್ಣವ್ವನೂ ಹೊಸ ಸೊಸೆಯೇ. ಅತ್ತೆಯ ಕಣ್ಣು ತಪ್ಪಿಸಿ ಹಿತ್ತಲಿನಿಂದ ಹೋಗಿ, ಕೈಸನ್ನೆ ಮಾಡಿ, ತನ್ನ ಹರಕು ಹಿಂದಿಯಲ್ಲಿ ಹೇಳಿಕೊಟ್ಟಳು. ಹೊರಟವರಿಗೆ ‘ಎಲ್ಲಿಗೆ’ ಅನ್ನಬಾರದು. ‘ದೂರ ಹೊಂಟೀರೇನು’ ಅನ್ನಬೇಕು. ಅನ್ನು ನೋಡೋಣ. ‘ದೂರ್ ಹೊಂಟೀರೇನ್’ ಎಂದಳು ಸೋಹನಬಾಯಿ, ಮೂಗು ಒರೆಸಿಕೊಳ್ಳುತ್ತ. ಅದು ಮೊದಲ ಪಾಠ.

ಕಡೆಕಡೆಗೆ ಆಕೆಯ ಕನ್ನಡ ಹೇಗಾಯಿತೆಂದರೆ, ಮೆಣಸಿನಕಾಯಿಯವನ ಜೊತೆ ಆಕೆ ಜಗಳಕ್ಕೆ ನಿಂತರೆ ಅವನು ಕಾಯಿಗಿಂತ ಖಾರವೆಂದು ಕೈ ಮುಗಿಯುತ್ತಿದ್ದ. ಪಾತ್ರೆಗಳ ಮೇಲೆ ಹೆಸರು ಕೆತ್ತುವ ಮಷೀನು ಹಿಡಿದು ಕನ್ನಡದ ಅಕ್ಷರವನ್ನೂ ಕಲಿತಳು. ಎರಡು ಮನೆಯ ನಡುವೆ ಒಂದು ಡಬ್ಬಿ ಓಡಾಡುತ್ತಿತ್ತು. ಮುಚ್ಚಳದ ಮೇಲೆ ಸೋಹನಬಾಯಿ ತಾನೇ ಸೊಟ್ಟಸೊಟ್ಟಾಗಿ ಕೆತ್ತಿಕೊಂಡ ಹೆಸರು. ಈ ಕಡೆಯಿಂದ ಮಾದಲಿ, ಅಂದರೆ ಬೆಲ್ಲ ಏಲಕ್ಕಿ ಹಾಕಿ ಮಾಡುವ ಗೋಧಿಯ ಪುಡಿ ಸಿಹಿ. ಆ ಕಡೆಯಿಂದ ಬೇಸನ್ ಉಂಡಿ. ಬಂದ ಡಬ್ಬಿಯನ್ನು ಖಾಲಿ ಕೊಡಬಾರದೆಂಬ ರೀತಿ ಇರುವುದರಿಂದ ಅದು ಎಂದೂ ಒಂದು ಮನೆಯಲ್ಲಿ ನಿಂತದ್ದೇ ಇಲ್ಲ.

ಸೋಹನಬಾಯಿಯ ಗಂಡ ತೀರಿಕೊಂಡ. ಮಗ ಅಂಗಡಿ ಮಾರಿ ಸೂರತ್ತಿಗೆ ಬಟ್ಟೆ ವ್ಯಾಪಾರಕ್ಕೆ ಹೋದ. ಅಲ್ಲಿ ಅವನಿಗೇ ಮಲಗಲು ಜಾಗ ಸಾಲದು. ತಾಯಿಯನ್ನು ಮಾರವಾಡದ ದೊಡ್ಡ ಮನೆಗೆ, ದೊಡ್ಡಪ್ಪನ ಸಂಸಾರದೊಳಗೆ ಬಿಟ್ಟ. ಹೋಗುವ ದಿನದ ಗದ್ದಲದಲ್ಲಿ ಡಬ್ಬಿ ಅನ್ನಪೂರ್ಣವ್ವನ ಮನೆಯಲ್ಲೇ ಉಳಿಯಿತು. ಮೊದಮೊದಲು ಫೋನು ಬರುತ್ತಿತ್ತು. ಇಬ್ಬರೂ ಒಮ್ಮೆಗೇ ಮಾತಾಡುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ, ಆದರೂ ಹೊಟ್ಟೆ ತುಂಬುತ್ತಿತ್ತು. ಬರಬರುತ್ತ ಫೋನು ಕಡಿಮೆಯಾಯಿತು. ಯುಗಾದಿಗೆ ಅನ್ನಪೂರ್ಣವ್ವ ತಾನಾಗಿ ಮಾಡಿದಾಗ ಆ ಕಡೆಯಿಂದ ಸೋಹನಬಾಯಿಯ ದನಿ ಬಂತು ನಿಜ. ಆದರೆ ಪಿಸುಮಾತು, ಅದೂ ಮಾರವಾಡಿ. ಒಂದಕ್ಷರ ಕನ್ನಡ ಇಲ್ಲ. “ಏ, ನಾನ, ಅನ್ನಪೂರ್ಣಾ” ಎಂದು ಈಕೆ ಎರಡು ಸಲ ಕೂಗಿದಳು. ಫೋನು ಕಟ್ಟಾಯಿತು.

ಅವತ್ತಿನ ಹೋಳಿಗೆಯನ್ನು ಅನ್ನಪೂರ್ಣವ್ವ ಮುಟ್ಟಲಿಲ್ಲ. ಸೋಹನಬಾಯಿಯ ತಲೆ ಏನಾದರೂ ಕೆಟ್ಟಿತೇ? ಇಲ್ಲಾ, ಕನ್ನಡವನ್ನೇ ಮರೆತಳೇ? ಕನ್ನಡ ಮರೆತಳೆಂದರೆ ನನ್ನನ್ನು ಮರೆತ ಹಾಗೇ ಅಲ್ಲವೇ? ಇದೊಂದು ಗೊತ್ತಾಗಬೇಕಿತ್ತು. ಫೋನಿನಲ್ಲಿ ಗೊತ್ತಾಗುವ ಮಾತಲ್ಲ. ಹೋಗಬೇಕು, ಮುಖ ನೋಡಬೇಕು. ಡಬ್ಬಿ ಕೊಡುವುದಿದೆ ಎಂಬ ನೆಪ ಇದ್ದೇ ಇತ್ತು.

ಬಜಾರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟ ಜಾವೀದ ಟಿಕೆಟ್ ತೆಗೆಸಿಕೊಟ್ಟ. ಹೋಗಲಿಕ್ಕೆ, ಬರಲಿಕ್ಕೆ, ಎರಡೂ.

“ಅಕ್ಕಾರ, ಈ ಬ್ಯಾಸಗ್ಯಾಗ ಮಂದಿ ಊಟಿಗೆ ಹೋಗ್ತಾರ. ನೀವು ಕೆಂಡದಾಗ ಹೊಂಟೀರಲ್ರಿ?”

“ನನಗ ಸೂಟಿ ಕೊಡೂದ ಬ್ಯಾಸಗ್ಯಾಗ. ಒಲಿ ಮುಂದ ನಿಂತಾಕಿಗೆ ಬಿಸಿಲೇನೋ ಹೊಸಾದು?”

“ನಂದೀಶಗ ಹೇಳ್ಲೇನ್ರಿ?”

“ಕೇಳಿದ್ರ ಹೇಳು. ಕೇಳೂದಿಲ್ಲ ಅಂವ.”

ಟಿಕೆಟ್ಟಿಗೆ ಕೊಟ್ಟ ಮೇಲೆ ಸಂಚಿಯಲ್ಲಿ ಉಳಿದದ್ದು, ದಾರಿಯಲ್ಲಿ ಚಹಾ ಕುಡಿಯಲೂ ವಿಚಾರ ಮಾಡಬೇಕಾದಷ್ಟು. ಪರವಾಗಿಲ್ಲ, ಬುತ್ತಿ ಇತ್ತಲ್ಲ. ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಳ್ಳಾಗಡ್ಡಿ. ಹೋಗುವ ದಾರಿಗೂ ಸಾಕು, ಬರುವ ದಾರಿಗೂ ಮಿಗಬೇಕು, ಹಾಗೆ ಕಟ್ಟಿಕೊಂಡಿದ್ದಳು. ಹುಬ್ಬಳ್ಳಿ ತನಕ ಬಸ್ಸು ಹೆಂಗಸರಿಗೆ ಪುಕ್ಕಟೆ. ಅಲ್ಲಿಂದ ಜೋಧಪುರದ ರೈಲು.

ಈಗ ನೋಡಿ, ಲಕ್ಷ್ಮೇಶ್ವರದ ಹೆಂಗಸು ಮಾಡುವಂಥ ತಪ್ಪನ್ನು ಅನ್ನಪೂರ್ಣವ್ವ ಮಾಡಿದಳು. ಎದುರು ಸೀಟಿನಲ್ಲಿ ಊರಿಗೆ ಹೊರಟ ನಾಲ್ಕು ಮಂದಿ ಹುಡುಗರು, ಹುಬ್ಬಳ್ಳಿಯಲ್ಲಿ ನೆಲಕ್ಕೆ ಫರಶಿ ಕಲ್ಲು ಕೂಡಿಸುವ ಕೆಲಸದವರು. ಮಿರಜ ದಾಟಿದ ಮೇಲೆ ಬುತ್ತಿ ಬಿಚ್ಚಿದಳು. ನಾಲ್ಕು ಜನರ ಎದುರಿಗೆ ಬುತ್ತಿ ಬಿಚ್ಚಿ ಕರೆಯದೆ ಉಣ್ಣುವುದುಂಟೇ? “ಆವೋ ಭಯ್ಯಾ, ಖಾನಾ ಖಾವೋ” ಎಂದಳು. ನಮ್ಮಲ್ಲಿ ಹೀಗೆ ಕರೆದರೆ ಎದುರಿನವರು, ಹೊಟ್ಟೆ ಬೆನ್ನಿಗೆ ಹತ್ತಿದ್ದರೂ, ‘ನಿಮ್ಮದಾಗ್ಲಿ, ನಮ್ಮದು ಈಗ ಆತು’ ಅನ್ನುತ್ತಾರೆ. ಕರೆದವರಿಗೆ ಕರೆದ ಮರ್ಯಾದೆ, ಒಲ್ಲೆ ಎಂದವರಿಗೆ ಒಲ್ಲೆ ಎಂದ ಮರ್ಯಾದೆ. ಈ ಹುಡುಗರು ಹಾಗೇನೂ ಅನ್ನಲಿಲ್ಲ. “ಹಾಂ ಮಾಜಿ!” ಎಂದು ನಾಲ್ವರೂ ಸರಿದು ಬಂದು ಕೂತರು.

ಶೇಂಗಾ ಚಟ್ನಿಗೆ ಅವರು ಹುಚ್ಚಾದರು. ರೊಟ್ಟಿಯನ್ನು ಹಪ್ಪಳದಂತೆ ಕಟಕಟ ಮುರಿದರು. “ಬಹುತ್ ಬಢಿಯಾ ಮಾಜಿ” ಎಂದು ಒಬ್ಬ ಅನ್ನುವುದರೊಳಗೆ ಇನ್ನೊಬ್ಬ ಗಂಟಿಗೆ ಕೈ ಹಾಕಿರುತ್ತಿದ್ದ. ಬಡಿಸಿ ಅಭ್ಯಾಸವಾದ ಕೈ; ಎಲೆ ಖಾಲಿ ಕಂಡರೆ ತಡೆಯುವುದು ಅನ್ನಪೂರ್ಣವ್ವನಿಗೆ ಗೊತ್ತಿಲ್ಲ. ಪುಣೆ ಬರುವಷ್ಟರಲ್ಲಿ ಗಂಟಿನಲ್ಲಿ ಎರಡು ಉಳ್ಳಾಗಡ್ಡಿ ಉಳಿದಿದ್ದವು.

ಸಂಜೆಗೆ ಆ ಹುಡುಗರು ತಮ್ಮ ಪೂರಿ-ಆಲೂಗಡ್ಡೆ ಪಲ್ಯ ಬಿಚ್ಚಿದರು. “ಮಾಜಿ, ಆಪ್ ಭೀ ಖಾವೋ” ಎಂದರು. ಪಲ್ಯದ ವಾಸನೆಗೆ ಬಾಯಲ್ಲಿ ನೀರು. ಆದರೆ ಮೊದಲನೇ ಸಲಕ್ಕೇ ಹೂಂ ಅನ್ನುವುದು ಹೇಗೆ? ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲಕ್ಕೆ ‘ಅಷ್ಟಂತೀರಿ ಅಂದಮ್ಯಾಗ’ ಎಂದು ಕೈ ಚಾಚಬೇಕು. ಅನ್ನಪೂರ್ಣವ್ವ ತಲೆಯಾಡಿಸಿ, “ನಕೋ ನಕೋ, ಪೇಟ ಭರಾ ಹೈ” ಎಂದಳು. ಎಂದು, ಎರಡನೇ ಸಲ ಕರೆಯುವುದನ್ನು ಕಾಯುತ್ತ ಕುಂತಳು. ಹುಡುಗರು “ಅಚ್ಛಾ ಮಾಜಿ” ಎಂದು ಉಣ್ಣತೊಡಗಿದರು. ಕೊನೆಯ ಪೂರಿ ಕೊನೆಯ ಪಲ್ಯವನ್ನು ಒರೆಸಿಕೊಂಡು ಹೋಗುವ ತನಕ ಆಕೆ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. ಇವುಗಳಿಗೆ ಕರೆಯುವ ರೀತಿಯೇ ಗೊತ್ತಿಲ್ಲವಲ್ಲ ಎಂದು ಒಳಗೊಳಗೇ ಉರಿದಳು. ಮರುದಿನ ನಸುಕಿನಲ್ಲಿ ಅವರು ಅಹಮದಾಬಾದಿನಲ್ಲಿ ಇಳಿಯುವಾಗ ನಾಲ್ವರೂ ಪಾದ ಮುಟ್ಟಿ ನಮಸ್ಕರಿಸಿದರು. ಆಗ ಮಾತ್ರ ಸಿಟ್ಟು ಇಳಿಯಿತು, ಹಸಿವೆ ಇಳಿಯಲಿಲ್ಲ.

ಹೊತ್ತೇರಿದಂತೆ ಗಾಳಿ ಒಲೆಯ ಬಾಯಿಯಿಂದ ಬಂದಂತೆ ಬರತೊಡಗಿತು. ಕಿಟಕಿಯ ಸರಳು ಮುಟ್ಟಿದರೆ ಚುರ್ ಎನ್ನುತ್ತಿತ್ತು. ಹೊರಗೆ ಮರವಿಲ್ಲ, ಬರೀ ಮುಳ್ಳಿನ ಕಂಟಿ, ಮರಳು. ನಮ್ಮೂರ ಬಿಸಿಲು ದೊಡ್ಡದೆಂದು ಇಷ್ಟು ದಿನ ಜಂಬಪಟ್ಟದ್ದು ಸುಳ್ಳಾಯಿತು. ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನಿಲ್ಲ. ಕಾಲ ಮೇಲೆ ಡಬ್ಬಿ ಕುಂತಿತ್ತು, ಡಬ್ಬಿಯ ತುಂಬ ಮಾದಲಿ. ಬಿಸಿಗೆ ಬೆಲ್ಲ, ಏಲಕ್ಕಿಯ ವಾಸನೆ ಮುಚ್ಚಳ ದಾಟಿ ಬರುತ್ತಿತ್ತು. ಒಂದು ಹಿಡಿ ತಿಂದರೆ ಯಾರು ಕೇಳುತ್ತಾರೆ? ನಡುವೆ ಒಮ್ಮೆ ಬೆರಳು ಮುಚ್ಚಳದ ತನಕ ಹೋಯಿತು. ಅಲ್ಲಿ ಆ ಸೊಟ್ಟ ಹೆಸರು ಬೆರಳಿಗೆ ತಾಗಿತು. ಆಕೆ ಡಬ್ಬಿಯನ್ನು ಚಾದರದೊಳಗೆ ಸುತ್ತಿ ಗಂಟು ಹಾಕಿ ತಲೆದಿಂಬು ಮಾಡಿಕೊಂಡಳು. ಪಕ್ಕಕ್ಕೆ ಹೊಸದಾಗಿ ಬಂದು ಕೂತ ಬುರಖಾದ ಮುದುಕಿಯೊಬ್ಬಳು ಸೌತೆಕಾಯಿ ಹೆಚ್ಚಿ, “ಲೋ ಬೆಹನ್” ಎಂದಾಗ, ಮಾತು ಪೂರ್ತಿ ಮುಗಿಯುವ ಮೊದಲೇ ಅನ್ನಪೂರ್ಣವ್ವನ ಕೈ ಮುಂದಿತ್ತು. ಒಂದು ರಾತ್ರಿಯಲ್ಲಿ ಬುದ್ಧಿ ಬಂದಿತ್ತು.

ಜಾಲೋರದಲ್ಲಿ ಇಳಿದಾಗ ಮಧ್ಯಾಹ್ನ. ಅಲ್ಲಿಂದ ಜೀಪಿನಲ್ಲಿ, ಹಾಲಿನ ಕ್ಯಾನುಗಳ ನಡುವೆ ಕುಂತು ಹಳ್ಳಿ ಸೇರಿದಳು. ಮನೆ ಯಾವುದು? ಆ ಕಡೆ ಮನೆಗಳಿಗೆ, ಅವರು ವ್ಯಾಪಾರಕ್ಕೆ ಹೋದ ಊರಿನ ಹೆಸರೇ ಅಡ್ಡಹೆಸರು ಎಂದು ಸೋಹನಬಾಯಿ ಯಾವಾಗಲೋ ಹೇಳಿದ್ದಳು. ಕಿರಾಣಿ ಅಂಗಡಿಯ ಮುಂದೆ ನಿಂತು, “ಲಕ್ಷ್ಮೇಶ್ವರವಾಲೆ ಕಾ ಘರ್?” ಎಂದು ಕೇಳಿದಳು. ಅಂಗಡಿಯವನು ತೂಗುತ್ತಿದ್ದ ಕೈ ನಿಲ್ಲಿಸದೆ, “ಲಕ್ಸ್ಮೇಸರವಾಲೆ? ವೋ ನೀಲೀ ಬಾರಣೇವಾಲಾ” ಎಂದು ನೀಲಿ ಬಾಗಿಲು ತೋರಿಸಿದ. ಆ ಮರಳಿನಲ್ಲಿ, ಆ ಅಪರಿಚಿತನ ಬಾಯಲ್ಲಿ ತನ್ನೂರಿನ ಹೆಸರು ಕೇಳಿ ಅನ್ನಪೂರ್ಣವ್ವನಿಗೆ ಅಳು ಬಂದಂತಾಯಿತು. ಹಸಿವೆಗೆ ಹೀಗಾಗುತ್ತಿದೆ ಎಂದುಕೊಂಡಳು.

ನೀಲಿ ಬಾಗಿಲಿನ ಒಳಗೆ ದೊಡ್ಡ ಪಡಸಾಲೆ. ಹೊರಸಿನ ಮೇಲೆ ದೊಡ್ಡ ರುಮಾಲಿನ ಮುದುಕರು ಕುಂತಿದ್ದರು. ಸೋಹನಬಾಯಿಯ ಗಂಡನ ಅಣ್ಣ. ಹರಕು ಹಿಂದಿಯಲ್ಲಿ ಈಕೆ ಯಾರೆಂದು ಹೇಳಿದ್ದೇ ತಡ, ಮುದುಕರು ತಮ್ಮ ಹೊರಸಿನಿಂದ ಎದ್ದು ಅದರ ಮೇಲೆ ಈಕೆಯನ್ನು ಕೂಡಿಸಿ, ತಾವು ಗೋಡೆಗೆ ಒರಗಿ ಕುಂತರು. ಒಳಗಿನಿಂದ ನಾಲ್ಕು ಹೆಂಗಸರು ಬಂದು ಸಾಲಾಗಿ ನಿಂತರು. ನಾಲ್ವರಿಗೂ ಗದ್ದದ ತನಕ ಮುಸುಕು. ಕೆಂಪು, ಹಳದಿ, ಹಸಿರು, ಬೂದಿ ಬಣ್ಣ. ಯಾರ ಮುಖವೂ ಕಾಣದು.

“ಸೋಹನಬಾಯಿ ಕಿಧರ್ ಹೈ?”

ಮುದುಕರು ಬೂದಿ ಬಣ್ಣದ ಮುಸುಕಿನ ಕಡೆ ಕೈ ಮಾಡಿದರು. ಮುಸುಕು ಒಂದು ಹೆಜ್ಜೆ ಮುಂದೆ ಬಂತು. ತಲೆ ತುಸು ಬಾಗಿತು. ಅಷ್ಟೇ. ಬಾ ಅನ್ನಲಿಲ್ಲ, ಯಾವಾಗ ಬಂದೆ ಅನ್ನಲಿಲ್ಲ. ಅನ್ನಪೂರ್ಣವ್ವ ಚಾದರದ ಗಂಟು ಬಿಚ್ಚಿ ಡಬ್ಬಿ ಚಾಚಿದಳು. ಸುಕ್ಕುಗಟ್ಟಿದ ಎರಡು ಕೈ ಅದನ್ನು ತೆಗೆದುಕೊಂಡವು. ಹೆಬ್ಬೆರಳು ಮುಚ್ಚಳದ ಮೇಲೆ ಆಡಿತು.

ಆಗ ಅನ್ನಪೂರ್ಣವ್ವನ ತಾಳ್ಮೆ ಕಿತ್ತುಹೋಯಿತು. ನಿನ್ನೆಯಿಂದ ಕಟ್ಟಿಕೊಂಡ ಹಸಿವೆ, ಬಿಸಿಲು, ಯುಗಾದಿಯಿಂದ ಎದೆಯಲ್ಲಿಟ್ಟುಕೊಂಡ ಭಯ ಎಲ್ಲ ಕೂಡಿ ಬಾಯಿಗೆ ಬಂತು. “ಅಲ್ಲವಾ, ಅಷ್ಟ ಮರತಬಿಟ್ಟಿ ಏನು? ನಾನೇನ ನಿನ್ನ ಆಸ್ತಿ ಕೇಳಾಕ ಬಂದೀನಿ? ಮಗಾಗ ಹೇಳಲಾರದ, ಬುತ್ತಿ ಮಂದಿಗೆ ಹಾಕಿ, ಉಪಾಸ ಬಿದ್ದು, ನಿನ್ನ ಡಬ್ಬಿಗೆ ಕೈ ಹಚ್ಚಲಾರದ ಹೊತಗೊಂಡ ಬಂದೀನಿ. ಕುಂಡ್ರು ಅನ್ನಾಕೂ ಬಾಯಿ ಇಲ್ಲೇನ ನಿನಗ? ನಾ ಕಲಿಸಿದ ಬಾಯಿ ಅದು!” ಶಾಲೆಯ ಅಂಗಳದ ದನಿ. ಗೂಡಿನಲ್ಲಿ ಕುಂತ ಪಾರಿವಾಳಗಳು ಹಾರಿಹೋದವು. ಬೂದಿ ಬಣ್ಣದ ಮುಸುಕು ಅಲುಗತೊಡಗಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದು.

ಮುದುಕರಿಗೆ ಏನನ್ನಿಸಿತೋ. ಕೋಲು ತೆಗೆದುಕೊಂಡರು, ಒಮ್ಮೆ ಕೆಮ್ಮಿದರು, ನಿಧಾನವಾಗಿ ಎದ್ದು ಹೊರಗೆ ಹೋದರು. ಕೆಮ್ಮಿನ ಸದ್ದು ನೀಲಿ ಬಾಗಿಲು ದಾಟಿದ್ದೇ ದಾಟಿದ್ದು, ಮುಸುಕು ಹಾರಿ ಹಿಂದೆ ಬಿತ್ತು.

“ಎಷ್ಟ ಒದರ್ತೀಯ ಮಾರಾಯ್ತಿ! ನಮ್ಮ ಭಾವಾರು ಕುಂತದ್ದು ಕಾಣವಲ್ತೇನು? ಅವರ ಮುಂದ ಹೆಂಗ ಬಾಯಿ ಬಿಡ್ಲಿ ನಾ?”

ಅದೇ ಮುಖ. ಹಲ್ಲು ಎರಡು ಕಡಿಮೆ. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ಅನ್ನಪೂರ್ಣವ್ವ ಹೊರಸಿನ ಮೇಲೆ ದೊಪ್ಪನೆ ಕುಂತಳು. ಆ ಮನೆಯ ರೀತಿ ಹಾಗೆ: ಗಂಡನ ಅಣ್ಣನ ಎದುರು ತಮ್ಮನ ಹೆಂಡತಿ ಮುಖ ತೋರಿಸುವುದಿಲ್ಲ, ದನಿ ಕೇಳಿಸುವುದಿಲ್ಲ. ಲಕ್ಷ್ಮೇಶ್ವರದಲ್ಲಿ ಸೋಹನಬಾಯಿಗೆ ಇದ್ಯಾವುದರ ಹಂಗು ಇರಲಿಲ್ಲ. ಇಲ್ಲಿ ತಲೆ ನರೆತರೂ ಸೊಸೆ ಸೊಸೆಯೇ.

“ಮತ್ತ ಯುಗಾದಿ ದಿನಾ ಫೋನಿನ್ಯಾಗ?”

“ಫೋನು ಇರೂದ ಈ ಪಡಸಾಲ್ಯಾಗ, ಅವರ ಹೊರಸಿನ ಬಾಜೂಕ. ಮೊದಲ ಅವರು ಹೊರಗ ಹೋದಾಗ ಮಾಡ್ತಿದ್ನಿ, ಈಗ ಅವರು ಹೊರಸ ಬಿಟ್ಟ ಏಳೂದ ಕಮ್ಮಿ. ಆಮ್ಯಾಗ ಮಾಡ್ತೀನಿ ಅಂತ ಭಾವಾರ ಸೊಸಿ ಕಿವ್ಯಾಗ ಹೇಳಿದ್ನಿ, ನಿನಗ ಹೇಳಂತ. ಅದು ನಿನಗ ಕೇಳಿಸಿರಬೇಕು. ಅಕಿ ಕಟ್ ಮಾಡಿಬಿಟ್ಲು.” ಸೋಹನಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಡಬ್ಬಿ ತೆಗೆದಳು. ಒಂದು ಹಿಡಿ ಮಾದಲಿ ಬಾಯಿಗೆ ಹಾಕಿ, ಗಂಟಲಿಗೆ ಹತ್ತಿ ಕೆಮ್ಮಿ, ಸುಧಾರಿಸಿಕೊಂಡು ಹೇಳಿದಳು: “ಬೆಲ್ಲಾ ಕಮ್ಮಿ ಆಗೇತಿ.”

ಅನ್ನಪೂರ್ಣವ್ವನ ಎದೆಯ ಮೇಲಿನ ಕಲ್ಲು ಅಲ್ಲಿಗೆ ಇಳಿಯಿತು. ಮರೆತವರು ಬೆಲ್ಲದ ಲೆಕ್ಕ ಹೇಳುವುದಿಲ್ಲ. “ಉಂಡೇನು?” ಎಂದು ಸೋಹನಬಾಯಿ ಕೇಳಿದಾಗ ಎರಡು ಸಲ ಬೇಡ ಅನ್ನಲಿಲ್ಲ, ನೇರವಾಗಿ ತಾಟಿನ ಮುಂದೆ ಕುಂತಳು.

ಅಲ್ಲಿದ್ದ ದಿನಗಳಲ್ಲಿ ಇಬ್ಬರೂ ಹೆಚ್ಚಾಗಿ ದನದ ಕೊಟ್ಟಿಗೆಯಲ್ಲೇ ಇರುತ್ತಿದ್ದರು. ಅಲ್ಲಿಗೆ ಭಾವನವರು ಬರುವುದಿಲ್ಲ, ಮುಸುಕು ಬೇಡ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಬಿದ್ದಿರುವಾಗ, ಒದ್ದೆ ಗೋಣಿಚೀಲ ಬಾಗಿಲಿಗೆ ಇಳಿಬಿಟ್ಟು ಮಾತಿಗೆ ಕೂರುತ್ತಿದ್ದರು. ಊಟಕ್ಕೆ, ಬಟ್ಟೆಗೆ, ಮರ್ಯಾದೆಗೆ ಆ ಮನೆಯಲ್ಲಿ ಏನೂ ಕಡಿಮೆ ಇರಲಿಲ್ಲ. ಸೋಹನಬಾಯಿಯೇ ಹಾಗೆಂದಳು.

“ಮತ್ತ ಕನ್ನಡ? ಯಾರ ಕೂಡ ಮಾತಾಡ್ತಿ?”

“ಇದರ ಕೂಡ” ಎಂದು ಸೋಹನಬಾಯಿ ಎಮ್ಮೆಯನ್ನು ತೋರಿಸಿದಳು. “ಏ, ಹಿಂದಕ್ಕ ಸರಿ.” ಎಮ್ಮೆ ಹಿಂದಕ್ಕೆ ಸರಿಯಿತು. ಅನ್ನಪೂರ್ಣವ್ವ ಬಿದ್ದು ಬಿದ್ದು ನಕ್ಕಳು. ನಗು ಮುಗಿದ ಮೇಲೆ ಎಮ್ಮೆಯನ್ನೇ ನೋಡಿದಳು. ತಾನು ಕೈಹಿಡಿದು ಕಲಿಸಿದ ಮಾತು ಇಲ್ಲಿ ಎಮ್ಮೆಯ ಪಾಲಾಗಿತ್ತು.

ನಂದೀಶ ಅಷ್ಟರಲ್ಲಿ ಕೊರ್ಲಹಳ್ಳಿಗೆ ಫೋನು ಮಾಡಿ, ಅವ್ವ ಅಲ್ಲಿಗೆ ಬಂದೇ ಇಲ್ಲವೆಂದು ಚಿಕ್ಕಮ್ಮ ಹೇಳಿದ ಮೇಲೆ ಗಾಬರಿಯಾಗಿ ಅವ್ವನಿಗೇ ಫೋನು ಹಚ್ಚಿದ್ದ. “ಯವ್ವಾ, ಎಲ್ಲದೀ?” ಎಂದು ಅವನು ಕೂಗಿದರೆ ಅನ್ನಪೂರ್ಣವ್ವ ಫೋನನ್ನು ಸೋಹನಬಾಯಿಯ ಕೈಗೆ ಕೊಟ್ಟಳು. “ಏ ನಂದ್ಯಾ, ನಾನಲೇ, ಸೋಹನಕಾಕು. ಇನ್ನೂ ಉಂಡಿ ಕದ್ದು ತಿಂತೀಯೋ, ಬಿಟ್ಟೀಯೋ?” ಆ ಕಡೆ ಅವನು ಶೀತಲ್‌ಳನ್ನು ಕೂಗಿ ಕರೆದದ್ದು ಕೇಳಿಸಿತು. ಕಡೆಗೆ, “ಕಾಕು, ನಮ್ಮವ್ವನ್ನ ಬಿಸಿಲಾಗ ಹೊರಗ ಬಿಡಬ್ಯಾಡ್ರಿ” ಎಂದಷ್ಟೇ ಅಂದ.

ಹೊರಡುವ ದಿನ ಬೆಳಿಗ್ಗೆ ಜೀಪು ಬಾಗಿಲಿಗೆ ಬಂದು ನಿಂತಿತು. ಭಾವನವರು ಹೊರಸಿನ ಮೇಲೆ ಕುಂತಿದ್ದರು. ಹೆಂಗಸರು ಮುಸುಕು ಹಾಕಿ ಸಾಲಾಗಿ ನಿಂತಿದ್ದರು. ಆಡುವುದನ್ನೆಲ್ಲ ಇಬ್ಬರೂ ಕೊಟ್ಟಿಗೆಯಲ್ಲೇ ಆಡಿ ಮುಗಿಸಿದ್ದರು. ‘ನೀನೂ ಒಮ್ಮೆ ಬಾ’ ಎಂದು ಅನ್ನಪೂರ್ಣವ್ವ ಕರೆದಿದ್ದಳು, ಸೋಹನಬಾಯಿ ಎಮ್ಮೆಯ ಬೆನ್ನು ಸವರಿದ್ದಳು. ಈಗ ಬೂದಿ ಬಣ್ಣದ ಮುಸುಕು ಮುಂದೆ ಬಂದು ಡಬ್ಬಿಯನ್ನು ಕೈಗೆ ಕೊಟ್ಟಿತು. ಭಾರವಿತ್ತು. ಅನ್ನಪೂರ್ಣವ್ವ ಕಣ್ಣಲ್ಲೇ ಹೂಂ ಎಂದು, ಭಾವನವರಿಗೆ ಕೈ ಮುಗಿದು, ಚೀಲ ಎತ್ತಿಕೊಂಡು, ಹೊಸ್ತಿಲ ಆಚೆ ಒಂದು ಕಾಲಿಟ್ಟಳು.

“ಅನ್ನಪೂರ್ಣಾ! ಎಲ್ಲಿಗೆ ಹೊಂಟಿ?”

ದೊಡ್ಡ ದನಿ. ಮೂರು ಮುಸುಕುಗಳು ಒಮ್ಮೆಗೇ ತಿರುಗಿದವು. ಭಾವನವರ ಕೈಯಲ್ಲಿದ್ದ ಚಹಾದ ಬಟ್ಟಲು ಬಾಯಿಯ ಹತ್ತಿರ ನಿಂತಿತು. ತಮ್ಮನ ಹೆಂಡತಿಯ ದನಿಯನ್ನು ಅವರು ಕೇಳಿದ್ದು ಅದೇ ಮೊದಲು. ಏನೆಂದಳು ಎಂಬುದು ಅಲ್ಲಿ ಯಾರಿಗೂ ತಿಳಿಯಲಿಲ್ಲ.

ತಿಳಿದಾಕೆ ಒಬ್ಬಳೇ. ಅನ್ನಪೂರ್ಣವ್ವನಿಗೆ ಮೊದಲು ಸಿಟ್ಟೇ ಬಂತು, ಅತ್ತೆಗೆ ಬಂದಿದ್ದ ಹಾಗೆ. ಹೊರಟ ಹೊತ್ತಿನಲ್ಲಿ ಇದೆಂಥ ಮಾತು! ಮರುಕ್ಷಣ ಕಾಲು ಅಲ್ಲೇ ನಿಂತಿತು. ಗೊತ್ತಿಲ್ಲದೆ ಆಡಿದ ಮಾತಲ್ಲ ಇದು. ಮೊದಲ ಪಾಠವೇ ಇದಾಗಿತ್ತು. ಕೇಳಿದರೆ ಹೊರಟವರು ವಾಪಸು ಬಂದು ಕೂರಲೇಬೇಕು.

ಕಾಲು ಹಿಂದೆ ತೆಗೆದಳು. ಒಳಗೆ ಬಂದಳು. ಚೀಲ ಕೆಳಗಿಟ್ಟು ನೆಲದ ಮೇಲೆ ಸೋಹನಬಾಯಿಯ ಕಾಲ ಹತ್ತಿರ ಕುಂತು, “ನೀರ ಕೊಡು” ಎಂದಳು. ಸೋಹನಬಾಯಿ ತಂಬಿಗೆ ತುಂಬಿ ಕೊಟ್ಟು ತಾನೂ ಪಕ್ಕದಲ್ಲಿ ಕುಂತಳು. ಆಕೆಯ ಕೈ ಅನ್ನಪೂರ್ಣವ್ವನ ಸೆರಗಿನ ತುದಿ ಹಿಡಿದುಕೊಂಡಿತ್ತು. ಹೊರಗೆ ಜೀಪಿನವನು ಹಾರ್ನ್ ಹೊಡೆದ. ಭಾವನವರು ಬಟ್ಟಲು ಕೆಳಗಿಟ್ಟು, ಅವನಿಗೆ ತಡೆ ಎಂದು ಕೈ ಎತ್ತಿದರು. ಅನ್ನಪೂರ್ಣವ್ವ ಒಂದೊಂದೇ ಗುಟುಕು ನೀರು ಕುಡಿದಳು. ಇಷ್ಟು ನಿಧಾನವಾಗಿ ಆಕೆ ಜನ್ಮದಲ್ಲಿ ನೀರು ಕುಡಿದಿರಲಿಲ್ಲ.

ತಂಬಿಗೆ ಖಾಲಿಯಾಯಿತು. ಎದ್ದಳು. ಮುಸುಕು ಅಲುಗಿತು.

“ಮತ್ತ ಕೇಳಿದಿ ಅಂದ್ರ ನೋಡ” ಎಂದಳು ಅನ್ನಪೂರ್ಣವ್ವ. “ಗಾಡಿ ತಪ್ಪಿಸಿಕೊಂಡು ಇಲ್ಲೇ ಬಿದ್ದಿರ್ತೀನಿ, ನಿಮ್ಮ ಎಮ್ಮಿ ಬಾಜೂಕ.”

ಮುಸುಕಿನೊಳಗಿಂದ, ಮೂಗು ಒರೆಸಿಕೊಂಡ ಸಣ್ಣ ದನಿ, ಕಲಿಸಿಕೊಟ್ಟಂತೆಯೇ ಕೇಳಿತು.

“ದೂರ ಹೊಂಟೀಯೇನು?”

ಓಣಿಯವರಿಗೆಲ್ಲ, ಹೆತ್ತ ಮಗನಿಗೂ, ‘ಹೂಂ, ದೂರ’ ಎಂದು ಬಾಯಿ ಮುಚ್ಚಿಕೊಂಡು ಬಂದಾಕೆ ಈ ಸಲ ತಾನಾಗಿಯೇ ಊರ ಹೆಸರು ಹೇಳಿದಳು.

“ಹೂಂ. ಲಕ್ಷ್ಮೇಶ್ವರಕ್ಕ.”